ಬೆಂಗಳೂರಿಗಿಂತ ಮೊದಲು ಟಿವಿ ನೋಡಿದವರು

ಹಳೆಯ ದೂರದರ್ಶನದ ಬಗ್ಗೆ ಸಾಕ್ಷ್ಯಚಿತ್ರ ಯಾವುದೇ ಬರಲಿ, ನಾನು ಬಿಡುವವನಲ್ಲ. ಆದರೆ ಮೂರ್ನಾಲ್ಕು ನೋಡಿದ ಮೇಲೆ ಐದನೆಯದರ ಕಥೆ ನಾವೇ ಹೇಳಿಬಿಡಬಹುದು. 1959ರ ದೆಹಲಿ, 1982ರ ಏಷ್ಯಾಡ್ ಮತ್ತು ಬಣ್ಣ, 'ಹಮ್ ಲೋಗ್', 'ರಾಮಾಯಣ'ದ ಹೊತ್ತಿಗೆ ಖಾಲಿಯಾಗುವ ಬೀದಿ. ಕನ್ನಡದ ಪಾಲಿಗೆ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್', ಆಗುಂಬೆಯ ಎರಡು ಶಾಟ್. ಟಿವಿ ಮಾಡಿದವರೆಲ್ಲ ಸೋಫಾದಲ್ಲಿ ಕೂತು ಮಾತಾಡುತ್ತಾರೆ, ನೋಡಿದವರು ಕಾಣುವುದೇ ಇಲ್ಲ.

'ಸೈಟ್' ಪ್ರಯೋಗವನ್ನೇ ತೆಗೆದುಕೊಳ್ಳಿ. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಈಗಿನ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರಿನಲ್ಲಿ. ಸದಾ 'ಹಿಂದುಳಿದ' ಅನ್ನಿಸಿಕೊಳ್ಳುವ ಸೀಮೆ ರಾಜಧಾನಿಗಿಂತ ಆರು ವರ್ಷ ಮುಂದಿತ್ತು!

ನಾನಿರುವ ಪಟಾನ್‌ಚೆರು ಆಗ ಮೆದಕ್ ಜಿಲ್ಲೆಯಲ್ಲಿತ್ತು. ಸೈಟ್ ಪಟ್ಟಿಯಲ್ಲಿ ಆ ಜಿಲ್ಲೆಯೂ ಇತ್ತು. ಹಳ್ಳಿಗಳಿಗೆ ಹೋದ ಸೆಟ್ಟುಗಳನ್ನು ಮಾಡಿಕೊಟ್ಟದ್ದು ಇದೇ ಹೈದರಾಬಾದಿನ ಇಸಿಐಎಲ್. ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ವ್ಯವಸ್ಥೆ ಅದರಲ್ಲಿತ್ತು. ಒಂದೇ ದೃಶ್ಯ ಇತ್ತ ತೆಲುಗಿನಲ್ಲಿ, ಅತ್ತ ಕನ್ನಡದಲ್ಲಿ. (ಓಟಿಟಿಯಲ್ಲಿ ಭಾಷೆ ಬದಲಿಸುವಾಗೆಲ್ಲ ನನಗೆ ಇದು ನೆನಪಾಗುತ್ತದೆ.)

ಇಸ್ರೋ ಬಗೆಗಿನ ಚಿತ್ರಗಳು ಸೈಟ್ ಹೆಸರು ಎತ್ತುತ್ತವೆ, ನಿಜ. ಅಲ್ಲಿ ನಾಯಕ ಜಾಲರಿಯ ಆಂಟೆನಾ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕಾಕಾ ರಾಯಚೂರು ಕಡೆಯವರು. ಅವರಿಗೆ ಆಂಟೆನಾ ನೆನಪೇ ಇಲ್ಲ. "ಸಾಲಿ ಮುಂದ ಇಡೀ ಊರು ಕೂಡ್ತಿತ್ರಿ. ಕರೆಂಟ್ ಹೋದ್ರೂ ಯಾರೂ ಏಳ್ತಿದ್ದಿಲ್ಲ, ಮತ್ತ ಬರ್ತದಂತ ಕುಂತೇ ಇರ್ತಿದ್ವಿ" ಅಂದರು. ಟಿವಿಯೊಳಗಿನ ಕನ್ನಡ ತಿಳೀತಿತ್ತಾ ಅಂತ ಕೇಳಿದೆ. "ಅದು ಪುಸ್ತಕದ ಕನ್ನಡ, ನಮ್ದಲ್ಲ" ಎಂದು ನಕ್ಕರು. ಈ ಒಂದು ಮಾತಿಗೆ ಅರ್ಧ ಗಂಟೆಯ ಚಿತ್ರ ಮಾಡಬಹುದು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಮರುವರ್ಷ ಕಲಬುರಗಿಗೇ ಪ್ರಸಾರ ಕೇಂದ್ರ ಬಂತು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತರ ಆಸುಪಾಸು. ನಿಮ್ಮವರು ಆ ಸೀಮೆಯವರಾದರೆ, ಊರಿಗೆ ಫೋನ್ ಮಾಡಿದಾಗ ಕೇಳಿ, ರೆಕಾರ್ಡ್ ಮಾಡಿಡಿ: ಟಿವಿ ಎಲ್ಲಿಟ್ಟಿದ್ದರು? ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು? ಮುಂದೆ ಯಾರು ಕೂರುತ್ತಿದ್ದರು, ದೂರ ಯಾರು ನಿಲ್ಲುತ್ತಿದ್ದರು?