ಗಣಕಯಂತ್ರದಲ್ಲಿ ಗುಡ್ಡದ ಚಿಕ್ಕ ರೈಲು

ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಕಡೆಯ ಹಿರಿಯರಿಗೆ ಚಿಕ್ಕ ರೈಲೆಂದರೆ ಏನೆಂಬುದನ್ನು ನಾವು ವಿವರಿಸಬೇಕಾದುದಿಲ್ಲ. 1910ರ ದಶಕದಲ್ಲಿ ಹಾಕಿದ ಆ ದಾರಿಯಲ್ಲಿ ಎರಡು ಹಳಿಗಳ ನಡುವಣ ಅಂತರ ಎರಡೂವರೆ ಅಡಿ ಮಾತ್ರ. ಅದು ತುಂಡುತುಂಡಾಗಿ ದೊಡ್ಡ ಹಳಿಗೆ ಬದಲಾಗುತ್ತ ಬಂದು, ಕೋಲಾರದಿಂದ ಚಿಕ್ಕಬಳ್ಳಾಪುರದವರೆಗಿನ ಕಡೆಯ ಭಾಗವೂ 2013ರಲ್ಲಿ ಬದಲಾಯಿತು. ಆ ಬಂಡಿಯ ಕಥೆಯನ್ನು ಅಜ್ಜನು ಹೇಳಿದರೆ ಮೊಮ್ಮಕ್ಕಳು ನಂಬಬೇಕಷ್ಟೆ. ಒಂದೆರಡು ಹಳೆಯ ನಿಲ್ದಾಣಗಳ ಹೊರತು ತೋರಿಸುವುದಕ್ಕೆ ಹೆಚ್ಚೇನೂ ಉಳಿದಿಲ್ಲ.

ಹೀಗೆ ಮರೆಯಾದ ಮತ್ತು ಮರೆಯಾಗುತ್ತಿರುವ ನ್ಯಾರೋ ಗೇಜ್ ರೈಲುಗಳನ್ನು ಗಣಕಯಂತ್ರದ ತೆರೆಯ ಮೇಲೆ ಮರಳಿ ಕಟ್ಟುವ ಹವ್ಯಾಸವೊಂದುಂಟು. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಟ್ರೇನ್ ಸಿಮ್ಯುಲೇಟರ್ ಎಂಬುದನ್ನು ಹೊರತಂದರು. ಅದೇ ವರ್ಷ ಆಸ್ಟ್ರೇಲಿಯಾದಿಂದ ಟ್ರೇನ್ಜ್ ಎಂಬುದೂ ಬಂದಿತು. ಹಣವಿಲ್ಲದೆ ದೊರೆಯುವ ಓಪನ್ ರೈಲ್ಸ್ ಎಂಬುದು ಮೈಕ್ರೋಸಾಫ್ಟಿನವರ ಹಳೆಯ ಸಾಮಗ್ರಿಯನ್ನೇ ಓದಿ ನಡೆಸಬಲ್ಲುದು. ಇವುಗಳಲ್ಲಿ ಮನೆಯಲ್ಲಿ ಕುಳಿತೇ ರೈಲು ನಡೆಸಬಹುದು. ಅದಕ್ಕಿಂತ ಮಿಗಿಲಾಗಿ, ನಮಗೆ ಬೇಕಾದ ದಾರಿಯನ್ನು ನಾವೇ ಹಾಕಬಹುದು. ಇದು ಮಕ್ಕಳಾಟವೆಂದು ಮೊದಲು ನಮಗೂ ತೋರಿತ್ತು. ಒಂದು ಮಳೆಗಾಲವೆಲ್ಲ ಕೈಹಚ್ಚಿ ನೋಡಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು.

ನಾವು ಆರಿಸಿಕೊಂಡುದು ಡಾರ್ಜಿಲಿಂಗಿನ ಹಿಮಾಲಯ ರೈಲು. ಅಲ್ಲಿಯ ಹಳಿಗಳ ಅಂತರ ಎರಡೇ ಅಡಿ. 1881ರಲ್ಲಿ ಅದು ಡಾರ್ಜಿಲಿಂಗನ್ನು ಮುಟ್ಟಿತು. 1999ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಿಲಿಗುರಿಯ ಬಯಲಿನಿಂದ ಹೊರಟ ಬಂಡಿ 7407 ಅಡಿ ಎತ್ತರದ ಘೂಮ್ ನಿಲ್ದಾಣವನ್ನೇರಿ, ಅಲ್ಲಿಂದ ಡಾರ್ಜಿಲಿಂಗಿಗೆ ಇಳಿಯುವುದು. ಇಷ್ಟು ಏರಿಗೆ ಅಲ್ಲಿ ಸುರಂಗಗಳಿಲ್ಲ. ದಾರಿಯು ಕೆಲವೆಡೆ ತನ್ನನ್ನೇ ಸುತ್ತಿಕೊಂಡು ತನ್ನ ಮೇಲೆಯೇ ಸೇತುವೆಯಾಗಿ ದಾಟುವುದು; ಕೆಲವೆಡೆ ಬಂಡಿ ಮುಂದೆ ಹೋಗಿ, ನಿಂತು, ಓರೆಯಾಗಿ ಹಿಂದಕ್ಕೇರಿ, ಮತ್ತೆ ಮುಂದೆ ಸಾಗುವುದು. ಈ ಎರಡನೆಯದನ್ನು ರಿವರ್ಸ್ ಎನ್ನುವರು. ಗುಡ್ಡ ಅಡ್ಡವಾಗಿ ಕೆಲಸ ನಿಂತಿದ್ದಾಗ, ಕಟ್ಟಿಸುತ್ತಿದ್ದವರಲ್ಲೊಬ್ಬನಿಗೆ ಅವನ ಹೆಂಡತಿಯು, ಮುಂದೆ ಹೋಗಲಾಗದಿದ್ದರೆ ಹಿಂದೆ ಹೋಗಬಾರದೇಕೆ ಎಂದು ಕೇಳಿದಳೆಂದು ಕಥೆಯೊಂದುಂಟು. ನಿಜವೋ ಸುಳ್ಳೋ, ನಮ್ಮ ಮನೆಯಲ್ಲಿ ಮಾತ್ರ ಈ ಕಥೆಗೆ ಬಹಳ ಮನ್ನಣೆ.

ಮೊದಲ ಕೆಲಸ ನೆಲವನ್ನು ಮಾಡುವುದು. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ವ್ಯೋಮನೌಕೆಯು ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. ಆ ಅಳತೆಗಳು ಯಾರಿಗಾದರೂ ದೊರೆಯುವುವು. ನಾವು ತೆಗೆದುಕೊಂಡ ಅಳತೆಯಲ್ಲಿ ಸುಮಾರು 90 ಮೀಟರಿಗೊಂದು ಬಿಂದು. ದೊಡ್ಡ ರೈಲಿಗೆ ಇದು ಹೇಗೋ ಸಾಕಾದೀತು. ಆದರೆ ಅಗನಿ ಪಾಯಿಂಟ್ ಎಂಬಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 60 ಅಡಿಗೂ ಕಡಿಮೆ, ಎಂದರೆ 18 ಮೀಟರು. ಎರಡು ಬಿಂದುಗಳ ನಡುವೆ ಆ ತಿರುವೆಲ್ಲ ಅಡಗಿಹೋಗುವುದು. ಅದರೊಡನೆ ರಸ್ತೆಯೂ ಚರಂಡಿಯೂ ತಡೆಗೋಡೆಯೂ ಮಾಯವಾಗುವುವು. ವ್ಯೋಮನೌಕೆಗೆ ಕಾಣದುದನ್ನು ಭಾವಚಿತ್ರಗಳನ್ನು ನೋಡಿ ಕೈಯಿಂದಲೇ ತಿದ್ದಬೇಕು. ಇದಲ್ಲದೆ ಗಣಕಯಂತ್ರದ ನೆಲದಲ್ಲಿ ಒಂದು ಸ್ಥಳಕ್ಕೆ ಒಂದೇ ಎತ್ತರ. ಆದುದರಿಂದ ಗೋಡೆಯಂತೆ ನೆಟ್ಟಗೆ ನಿಂತ ಬಂಡೆಯನ್ನೂ, ದಾರಿಯ ಮೇಲೆ ದಾರಿ ದಾಟುವ ಸೇತುವೆಯನ್ನೂ ಬೇರೆಯಾಗಿ ಮಾಡಿ ತಂದು ನಿಲ್ಲಿಸಬೇಕಾಗುವುದು.

ಹಳಿಯದು ಇನ್ನೊಂದು ತೊಡಕು. ಮೈಕ್ರೋಸಾಫ್ಟಿನವರ ಮೂಲ ಕೋಷ್ಟಕದಲ್ಲಿ ಹಳಿಗಳ ಅಂತರವನ್ನು 1.5 ಮೀಟರ್ ಎಂದೇ ಬರೆದಿದ್ದರು. ನ್ಯಾರೋ ಗೇಜಿನ ಅಭಿಮಾನಿಗಳು ತಮ್ಮ ಹಳಿಗಳನ್ನೂ ತಿರುವುಗಳನ್ನೂ ತಾವೇ ರೂಪಿಸಿಕೊಂಡು ಆ ಕೋಷ್ಟಕಕ್ಕೆ ಸೇರಿಸುತ್ತ ಬಂದರು. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಬಟ್ಟೆ ಗುಜ್ಜಾರಿಗೆ ಹೊಂದದಂತೆ, ದೊಡ್ಡ ರೈಲಿನ ಸಾಮಗ್ರಿ ಯಾವುದೂ ಇಲ್ಲಿಗೆ ಹೊಂದದು.

ಎಂಜಿನ್ನಿನ ವಿಷಯದಲ್ಲಿ ನಾವು ಸ್ವಲ್ಪ ನಿಂತು ಹೇಳಬೇಕು. ಡಾರ್ಜಿಲಿಂಗಿನ ಪ್ರಸಿದ್ಧವಾದ ಬಿ ವರ್ಗದ ಎಂಜಿನ್ನುಗಳ ರಚನೆ 1889ರಲ್ಲಿ ಆರಂಭವಾಗಿ, ಒಟ್ಟು 34 ಆದುವು. ನಾಲ್ಕೇ ಚಕ್ರಗಳು, ಬಾಯ್ಲರಿನ ಬೆನ್ನ ಮೇಲೆ ಜೀನಿನಂತೆ ನೀರಿನ ತೊಟ್ಟಿ. ಚಾಲಕನೂ ಬೆಂಕಿಯವನೂ ಅಲ್ಲದೆ, ಇದ್ದಲಿನ ಮೇಲೆ ಕುಳಿತು ಅದನ್ನು ಒಡೆದುಕೊಡುವವನೊಬ್ಬನು. ಮುಂದಿನ ತೊಲೆಯ ಮೇಲೆ ಕುಳಿತು, ಚಕ್ರ ಜಾರದಂತೆ ಹಳಿಗೆ ಮರಳನ್ನು ಹಾಕುವವರು ಇಬ್ಬರು. ಬ್ಲೆಂಡರ್ ಮುಂತಾದ ಸಾಧನಗಳಲ್ಲಿ ಸಾವಿರಾರು ಪುಟ್ಟ ತ್ರಿಕೋಣಗಳನ್ನು ಜೋಡಿಸಿ ಎಂಜಿನ್ನನ್ನು ರೂಪಿಸುವರು. ಸಿಮ್ಯುಲೇಟರಿನಲ್ಲಿ ಮರಳು ಬೇಕಾದರೆ ಒಂದು ಗುಂಡಿಯನ್ನೊತ್ತಿದರಾಯಿತು. ಆ ಇಬ್ಬರು ಮನುಷ್ಯರಿಂದ ಏನೂ ಕೆಲಸವಿಲ್ಲ. ಹಾಗೆಂದು ನಾವು ಅವರನ್ನು ಬಿಟ್ಟು ನೋಡಿದೆವು. ಎಂಜಿನ್ನು ಚೆನ್ನಾಗಿಯೇ ಓಡಿತು. ಆದರೆ ಅದು ಡಾರ್ಜಿಲಿಂಗಿನದೆಂದು ನಮ್ಮ ಮನಸ್ಸಿಗೆ ಒಪ್ಪಲಿಲ್ಲ. ಎರಡು ವಾರದ ಸಂಜೆಗಳು ಆ ಇಬ್ಬರ ಕೈಕಾಲುಗಳಿಗೇ ಹೋದುವು.

ಇವೆಲ್ಲ ಕೈಕೆಲಸದ ಕಷ್ಟಗಳು. ಬುದ್ಧಿಗೆ ಕಷ್ಟವಾದ ಪ್ರಶ್ನೆ ಬೇರೊಂದಿತ್ತು: ಯಾವ ವರ್ಷದ ರೈಲನ್ನು ಕಟ್ಟುವುದು? ಇದನ್ನು ಯೋಚಿಸದೆ, ಎಲ್ಲಕ್ಕಿಂತ ಚೆಲುವಾದುದೆಂದು ಮೊದಲು ಬತಾಸಿಯಾದ ಸುತ್ತನ್ನು ಮಾಡಿ, ಅದರ ನಡುವೆ ಗೂರ್ಖಾ ಯೋಧರ ಸ್ಮಾರಕವನ್ನೂ ನಿಲ್ಲಿಸಿ ಹಿಗ್ಗಿದೆವು. ಆ ಸುತ್ತು 1919ರದು, ಸ್ಮಾರಕವಾದರೋ 1995ರದು. ನಾವು ಓಡಿಸುತ್ತಿದ್ದುದು 1940ರ ಬಂಡಿ! ಸ್ಮಾರಕವನ್ನು ಕೀಳಬೇಕಾಯಿತು.

1940ನ್ನು ಆರಿಸಿದುದಕ್ಕೆ ಕಾರಣವಿಲ್ಲದಿಲ್ಲ. ಇಂದು ಆ ದಾರಿಯಲ್ಲಿ ಮೂರು ಸುತ್ತುಗಳೂ ಆರು ರಿವರ್ಸ್‌ಗಳೂ ಇವೆ. ಹಿಂದೆ ಸುತ್ತುಗಳು ಐದಿದ್ದುವು. ರಂಗ್‌ಟಂಗ್ ಬಳಿಯ ಎರಡನೆಯ ಸುತ್ತು ನೆರೆಯಿಂದ ಕೆಟ್ಟು 1942ರಲ್ಲಿ ಹೋಯಿತು. ಅದರ ಬದಲಿಗೆ ರಿವರ್ಸ್ ಒಂದನ್ನು ಮಾಡಿದರು. ಸುಕ್ನಾದ ಮೇಲಣ ಕಾಡಿನಲ್ಲಿದ್ದ ಮೊದಲನೆಯ ಸುತ್ತು 1991ರ ನೆರೆಗೆ ತುತ್ತಾಯಿತು. ಇಂದು ಎಷ್ಟು ಹಣ ಕೊಟ್ಟು ಟಿಕೇಟು ಕೊಂಡರೂ ಆ ಎರಡು ಸುತ್ತುಗಳಲ್ಲಿ ಯಾರೂ ತಿರುಗಲಾರರು. ಅವನ್ನು ಮರಳಿ ಹಾಕಬೇಕೆಂಬುದೇ ನಮ್ಮ ಆಸೆ. ಕಾಣದುದನ್ನು ಕಲ್ಪನೆಯಿಂದ ತುಂಬುವ ಚಪಲ ಇಲ್ಲಿಯೇ ಹೆಚ್ಚು. ತೆರೆಯ ಮೇಲೆ ಅಂದವಾಗಿ ಕಂಡ ಸುಳ್ಳನ್ನು ಮುಂದೆ ನೋಡುವವರು ನಿಜವೆಂದೇ ನಂಬುವರಲ್ಲವೆ? ಆಧಾರ ದೊರೆಯದ ಮನೆಗಳ ಜಾಗವನ್ನು ನಾವು ಬರಿದಾಗಿಯೇ ಬಿಟ್ಟಿದ್ದೇವೆ. ಸುಕ್ನಾದಿಂದ ರಂಗ್‌ಟಂಗ್‌ವರೆಗೆ ಬಂಡಿ ಓಡುತ್ತಿದೆ. ಬತಾಸಿಯಾ ಮೇಲೆ ಒಂಟಿಯಾಗಿದೆ. ನಡುವಣ ದಾರಿ ಇನ್ನೂ ಆಗಬೇಕು.

ಕೋಲಾರದ ಚಿಕ್ಕ ರೈಲನ್ನೂ ಹೀಗೆ ಕಟ್ಟಬಹುದೆಂದು ನಮಗೆ ತೋರುವುದು. ಅದರ ಕುರುಹುಗಳು ಮನೆಮನೆಯ ಪೆಟ್ಟಿಗೆಗಳಲ್ಲಿಯೂ ಇರಬೇಕು. ಮದುವೆಯ ದಿಬ್ಬಣವೊಂದು ಬಂಡಿಯ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರವಿದ್ದರೆ, ನಿಂತವರಲ್ಲೊಬ್ಬರ ಎತ್ತರ ಗೊತ್ತಾದಲ್ಲಿ ಕಿಟಕಿಯ ಎತ್ತರವನ್ನೂ ಬಾಗಿಲಿನ ಅಗಲವನ್ನೂ ಲೆಕ್ಕಹಾಕಬಹುದು. ಅಂಥ ಚಿತ್ರವುಳ್ಳವರು ಅದರ ಬೆನ್ನಮೇಲೆ ಊರನ್ನೂ ವರ್ಷವನ್ನೂ ಪೆನ್ಸಿಲಿನಿಂದ ಬರೆದಿಡಬೇಕು. ಶಾಯಿಯಾದರೆ ಮುಂಭಾಗಕ್ಕೆ ಇಳಿಯುವುದು.