ನಗರ ನಗರಗಳ ನಂಟಸ್ತಿಕೆ

ಬ್ರೆಜಿಲ್‌ನ ಕುರಿಚಿಬಾದಲ್ಲಿ ಹುಟ್ಟಿದ ಬಸ್ಸಿನ ಯೋಚನೆ ಹುಬ್ಬಳ್ಳಿ–ಧಾರವಾಡದವರೆಗೂ ಬಂತು. ಜಗತ್ತಿನ ನಗರಗಳು ಕೂಟ ಕಟ್ಟಿಕೊಂಡು ಒಂದರಿಂದೊಂದು ಕಲಿಯುತ್ತಿವೆ. ಬೆಂಗಳೂರೂ ಆ ಸಾಲಿನಲ್ಲಿದೆ. ಆದರೆ ಕಲಿತದ್ದನ್ನು ಜಾರಿಗೆ ತರುವ ಅಧಿಕಾರ ನಮ್ಮ ನಗರಗಳ ಕೈಯಲ್ಲಿದೆಯೇ?

2017ರ ಜೂನ್ 1ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿದರು. ತಾವು ಆರಿಸಿ ಬಂದಿರುವುದು ಪಿಟ್ಸ್‌ಬರ್ಗ್‌ನ ಜನರಿಗಾಗಿ, ಪ್ಯಾರಿಸ್ಸಿಗಾಗಿ ಅಲ್ಲ ಎಂದರು. ಪಿಟ್ಸ್‌ಬರ್ಗ್‌ನ ಮೇಯರ್ ಬಿಲ್ ಪೆಡುಟೊ ತಡಮಾಡಲಿಲ್ಲ. ತಮ್ಮ ಊರು ಪ್ಯಾರಿಸ್ ಒಪ್ಪಂದದ ಹಾದಿಯಲ್ಲೇ ನಡೆಯುತ್ತದೆ ಎಂದು ಸಾರಿಬಿಟ್ಟರು. ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲೇ ಬೆಳೆದ ನಗರವೊಂದು ತನ್ನ ದೇಶದ ಅಧ್ಯಕ್ಷರನ್ನು ಬಿಟ್ಟು, ಸಾಗರದಾಚೆಯ ಇನ್ನೊಂದು ನಗರದ ಪಕ್ಕದಲ್ಲಿ ನಿಂತಿತು.

ಹಳೆಯ ಕೂಟ

ನಗರಗಳು ಹೀಗೆ ಗಡಿ ದಾಟಿ ಒಂದಾಗುವುದು ಹೊಸದೇನಲ್ಲ. ಮಧ್ಯಯುಗದ ಉತ್ತರ ಯುರೋಪಿನಲ್ಲಿ ಲ್ಯೂಬೆಕ್, ಹ್ಯಾಂಬರ್ಗ್, ಬ್ರೆಮೆನ್ ಮೊದಲಾದ ವ್ಯಾಪಾರಿ ಪಟ್ಟಣಗಳು ‘ಹಾನ್ಸಾ’ ಎಂಬ ಕೂಟ ಕಟ್ಟಿಕೊಂಡಿದ್ದವು. ಅದರ ಮೊದಲ ಮಹಾಸಭೆ ನಡೆದದ್ದು 1356ರಲ್ಲಿ, ಕೊನೆಯದು 1669ರಲ್ಲಿ. ಲಂಡನ್, ಬ್ರೂಜ್, ಬರ್ಗನ್, ನವ್ಗೊರೊದ್‌ಗಳಲ್ಲಿ ಕೂಟದ ಕೋಠಿಗಳಿದ್ದವು. ಉಪ್ಪು, ಒಣಮೀನು, ತುಪ್ಪಳ, ಜೇನುಮೇಣ ಅವುಗಳ ಮೂಲಕ ಸಾಗುತ್ತಿದ್ದವು. ಕೂಟಕ್ಕೆ ರಾಜನಿರಲಿಲ್ಲ, ಕಾಯಂ ಸೈನ್ಯವೂ ಇರಲಿಲ್ಲ. ಮಾತು ಮೀರಿದ ಪಟ್ಟಣವನ್ನು ಹೊರಗಿಟ್ಟು ವ್ಯಾಪಾರ ನಿಲ್ಲಿಸುವುದೇ ಅದರ ದೊಡ್ಡ ಅಸ್ತ್ರ. ಹ್ಯಾಂಬರ್ಗ್‌ನ ಕಾರುಗಳ ನಂಬರ್ ಪ್ಲೇಟು ಇಂದಿಗೂ ‘ಎಚ್‌ಎಚ್’ ಎಂದೇ ಶುರುವಾಗುತ್ತದೆ. ಮೊದಲ ಅಕ್ಷರ ಹಾನ್ಸಾ ನಗರಕ್ಕೆ, ಎರಡನೆಯದು ಹ್ಯಾಂಬರ್ಗ್‌ಗೆ.

ನಮ್ಮ ಅಯ್ಯಾವೊಳೆಯ ಐನೂರ್ವರೂ ಸಮುದ್ರ ದಾಟಿದವರೇ. ಐಹೊಳೆಯ ಹೆಸರು ಹೊತ್ತ ಆ ವರ್ತಕರ ಸಂಘವನ್ನು ಹೆಸರಿಸುವ 1088ರ ತಮಿಳು ಶಾಸನ ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಸಿಕ್ಕಿದೆ. ಆದರೆ ಅದು ವರ್ತಕರು ಹೆಣೆದ ಜಾಲ. ಹಾನ್ಸಾದಲ್ಲಿ ಪಟ್ಟಣಗಳ ಆಡಳಿತವೇ ಪಾಲುದಾರನಾಗಿತ್ತು. ಈ ವ್ಯತ್ಯಾಸ ಇಂದಿಗೂ ಮುಖ್ಯ.

ಕಂಪನಿಗಳ ನಂಟು, ಮೇಯರ್‌ಗಳ ನಂಟು

ಇಂದಿನ ಮಹಾನಗರಗಳನ್ನು ಬೆಸೆದಿರುವುದು ಎರಡು ಬಗೆಯ ಜಾಲ. ಮೊದಲನೆಯದು ಕಂಪನಿಗಳದ್ದು. ಸಮಾಜಶಾಸ್ತ್ರಜ್ಞೆ ಸಾಸ್ಕಿಯಾ ಸಾಸೆನ್ 1991ರ ತಮ್ಮ ಪುಸ್ತಕದಲ್ಲಿ ನ್ಯೂಯಾರ್ಕ್, ಲಂಡನ್, ಟೋಕಿಯೊಗಳನ್ನು ಜಗತ್ತಿನ ಹಣಕಾಸಿನ ಹಗ್ಗ ಹಿಡಿದ ನಗರಗಳೆಂದು ವಿವರಿಸಿದರು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕಪರಿಶೋಧನೆ, ಜಾಹೀರಾತು, ಬ್ಯಾಂಕಿಂಗ್, ಕಾನೂನು ಸೇವೆಯ ದೊಡ್ಡ ಸಂಸ್ಥೆಗಳು ಯಾವ ಊರಿನಲ್ಲಿ ಎಷ್ಟು ದೊಡ್ಡ ಕಚೇರಿ ಇಟ್ಟಿವೆ ಎಂದು ಎಣಿಸಿ ನಗರಗಳಿಗೆ ದರ್ಜೆ ಕೊಡುತ್ತಾ ಬಂದಿದ್ದಾರೆ. ತುದಿಯಲ್ಲಿ ಸದಾ ಲಂಡನ್ ಮತ್ತು ನ್ಯೂಯಾರ್ಕ್. ಬೆಂಗಳೂರು ಈ ಪಟ್ಟಿಯಲ್ಲಿ ಎರಡು ದಶಕಗಳಿಂದೀಚೆಗೆ ಮೇಲೇರಿದೆ. ಆದರೆ ಈ ಪಟ್ಟಿ ಎಣಿಸುವುದು ಕಚೇರಿಗಳನ್ನು. ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಸ್ಸು ಸಿಗುತ್ತದೆಯೇ ಎಂಬುದು ಅದರ ಲೆಕ್ಕಕ್ಕೆ ಸೇರುವುದಿಲ್ಲ.

ಎರಡನೆಯದು ಮೇಯರ್‌ಗಳ ಜಾಲ. 2005ರ ಅಕ್ಟೋಬರ್‌ನಲ್ಲಿ ಲಂಡನ್‌ನ ಮೇಯರ್ ಕೆನ್ ಲಿವಿಂಗ್‌ಸ್ಟನ್ ಹವಾಮಾನ ಬಿಕ್ಕಟ್ಟಿನ ಚರ್ಚೆಗೆ 18 ಮಹಾನಗರಗಳ ಪ್ರತಿನಿಧಿಗಳನ್ನು ಕರೆಸಿದರು. ಮರುವರ್ಷ ಅದು 40 ನಗರಗಳ ಕೂಟವಾಗಿ ‘ಸಿ40’ ಎನ್ನಿಸಿಕೊಂಡಿತು. ಈಗ ಸದಸ್ಯ ನಗರಗಳ ಸಂಖ್ಯೆ ನೂರರ ಸಮೀಪ. ಬೆಂಗಳೂರು, ಮುಂಬೈ, ಚೆನ್ನೈ ಅದರೊಳಗಿವೆ. ದೇಶಗಳ ಶೃಂಗಸಭೆಯಲ್ಲಿ ಒಂದು ಪದಕ್ಕಾಗಿ ರಾತ್ರಿಯಿಡೀ ಜಗ್ಗಾಟ ನಡೆಯುವಾಗ, ಇಲ್ಲಿ ಮಾತು ಕಸ, ಚರಂಡಿ, ಬಸ್ಸು, ಬಿಸಿಲಿನದ್ದು. ಒಂದು ಊರು ಮಾಡಿ ತೋರಿಸಿದ್ದನ್ನು ಇನ್ನೊಂದು ಧೈರ್ಯವಾಗಿ ಕೈಗೆತ್ತಿಕೊಳ್ಳುತ್ತದೆ. ವಾಹನ ದಟ್ಟಣೆಗೆ ಶುಲ್ಕ ವಿಧಿಸುವ ಯೋಚನೆ 1975ರಲ್ಲಿ ಸಿಂಗಪುರದಲ್ಲಿ ಜಾರಿಗೆ ಬಂತು. 2003ರಲ್ಲಿ ಲಂಡನ್, 2006ರಲ್ಲಿ ಪ್ರಯೋಗವಾಗಿ ಸ್ಟಾಕ್‌ಹೋಮ್, 2025ರ ಜನವರಿಯಲ್ಲಿ ನ್ಯೂಯಾರ್ಕ್ ಅದನ್ನು ಅಳವಡಿಸಿಕೊಂಡವು.

ಕುರಿಚಿಬಾದಿಂದ ‘ಚಿಗರಿ’ವರೆಗೆ

ಇಂಥ ಕಲಿಕೆ ನಮ್ಮ ನೆಲಕ್ಕೂ ಬಂದಿದೆ. ವಾಸ್ತುಶಿಲ್ಪಿಯಾಗಿದ್ದ ಜೈಮೆ ಲೆರ್ನರ್ ಕುರಿಚಿಬಾದ ಮೇಯರ್ ಆಗಿದ್ದ ಕಾಲ. ಮೆಟ್ರೊ ಕಟ್ಟುವಷ್ಟು ಹಣವಿಲ್ಲದ ಆ ನಗರ 1974ರಲ್ಲಿ ರಸ್ತೆಯ ನಡುಭಾಗವನ್ನು ಬಸ್ಸಿಗೇ ಬಿಟ್ಟುಕೊಟ್ಟಿತು. 1991ರಲ್ಲಿ ಗಾಜಿನ ಕೊಳವೆಯಂಥ ನಿಲ್ದಾಣಗಳು ಬಂದವು. ಪ್ರಯಾಣಿಕರು ಕೊಳವೆಯೊಳಗೆ ಹೋಗುವಾಗಲೇ ಹಣ ಕೊಡುತ್ತಾರೆ. ನಿಲ್ದಾಣದ ನೆಲ ಬಸ್ಸಿನ ನೆಲದಷ್ಟೇ ಎತ್ತರ. ಬಾಗಿಲು ತೆರೆದೊಡನೆ ಗಾಲಿಕುರ್ಚಿಯವರೂ ಮಗುವನ್ನೆತ್ತಿಕೊಂಡ ತಾಯಿಯೂ ನೇರ ಒಳಗೆ. 2000ದ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಬೊಗೋಟಾ ಇದನ್ನೇ ಇನ್ನೂ ದೊಡ್ಡದಾಗಿ ಕಟ್ಟಿತು. 2009ರಲ್ಲಿ ಅಹಮದಾಬಾದ್‌ನ ‘ಜನಮಾರ್ಗ್’ ಬಂತು. 2018ರಲ್ಲಿ ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿ.ಮೀ. ಹಾದಿಯಲ್ಲಿ ‘ಚಿಗರಿ’ ಬಸ್ಸುಗಳು ಓಡಲಾರಂಭಿಸಿದವು. ರಸ್ತೆ ನಡುವೆ ನಿಲ್ದಾಣ, ಬಲಬದಿಗೆ ಬಾಗಿಲು, ಬಸ್ಸು ಬರುವ ಮೊದಲೇ ಟಿಕೆಟ್. ಕುರಿಚಿಬಾದ ಪಾಠ ಅಕ್ಷರಶಃ ಇಲ್ಲಿದೆ.

ಆದರೂ ಬೇರೆ ವಾಹನಗಳ ಪಾಲಿನ ರಸ್ತೆ ಇಕ್ಕಟ್ಟಾಯಿತು, ಬಸ್ಸಿನ ಪಥವನ್ನು ಎಲ್ಲರಿಗೂ ಬಿಡಿ ಎಂಬ ಕೂಗು ಅವಳಿ ನಗರದಲ್ಲಿ ಎದ್ದಿದೆ. ದೆಹಲಿಯಲ್ಲಂತೂ 2008ರಲ್ಲಿ ಶುರುವಾದ ಇಂಥದೇ ಪಥವನ್ನು 2016ರಲ್ಲಿ ಕಿತ್ತುಹಾಕಲಾಯಿತು. ಕುರಿಚಿಬಾದಲ್ಲಿ ನಿಂತದ್ದು ಇಲ್ಲಿ ತತ್ತರಿಸುವುದೇಕೆ? ಅಲ್ಲಿ ಬಸ್ಸಿನ ಜತೆಗೆ ಊರೂ ಬೆಳೆಯಿತು. ಎತ್ತರದ ಕಟ್ಟಡಗಳು ಬಸ್ ಮಾರ್ಗದ ಅಕ್ಕಪಕ್ಕವೇ ಏಳಬೇಕೆಂದು ನಗರ ನಿಯಮ ಮಾಡಿತು. ಜನ ವಾಸಿಸುವ ಕಡೆಯೇ ಬಸ್ಸು, ಬಸ್ಸಿರುವ ಕಡೆಯೇ ಜನ. ಹುಬ್ಬಳ್ಳಿ–ಧಾರವಾಡದಲ್ಲಿ ಪಥ ಕಟ್ಟಿದ್ದು ಅದಕ್ಕೆಂದೇ ರಚನೆಯಾದ ಕಂಪನಿ, ಬಸ್ಸು ಓಡಿಸುವುದು ಸಾರಿಗೆ ಸಂಸ್ಥೆ, ನಗರದ ನಕ್ಷೆ ಬರೆಯುವುದು ನಗರಾಭಿವೃದ್ಧಿ ಪ್ರಾಧಿಕಾರ. ಮೂರನ್ನೂ ಒಂದೇ ಕಣ್ಣಿನಿಂದ ನೋಡಿ ತೀರ್ಮಾನಿಸುವ ಮೇಯರ್ ಇಲ್ಲ.

ಬೆಂಗಳೂರಿನ ಪರವಾಗಿ ಯಾರು?

ಬೆಂಗಳೂರಿನ ಸ್ಥಿತಿ ಇನ್ನೂ ಕಠಿಣ. ನೀರು ಜಲಮಂಡಳಿಗೆ, ಬಸ್ಸು ಬಿಎಂಟಿಸಿಗೆ, ಮೆಟ್ರೊ ಬಿಎಂಆರ್‌ಸಿಎಲ್‌ಗೆ ಸೇರಿದ್ದು. ದಶಕಗಳ ಕಾಲ ಮೇಯರ್ ಅವಧಿ ಒಂದೇ ವರ್ಷ. ನಾಲ್ಕು ವರ್ಷದ ಅವಧಿಗೆ ಜನರಿಂದ ನೇರವಾಗಿ ಆಯ್ಕೆಯಾಗುವ, ಸಾರಿಗೆ ಸಂಸ್ಥೆಯ ಚುಕ್ಕಾಣಿಯನ್ನೂ ಹಿಡಿದಿರುವ ಲಂಡನ್ ಮೇಯರ್ ಎದುರು ನಮ್ಮ ಮೇಯರ್ ಏನು ಭರವಸೆ ಕೊಟ್ಟಾರು? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಆ ಮೇಯರ್ ಕೂಡ ಇಲ್ಲವಾದರು. 2023ರ ನವೆಂಬರ್‌ನಲ್ಲಿ ಬಿಬಿಎಂಪಿ ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿ, 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿ ಹಾಕಿಕೊಂಡಿತು. ಆಗ ಚುನಾಯಿತ ಕೌನ್ಸಿಲ್ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ, ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಮಾತು ಕೊಟ್ಟ ಸಂಸ್ಥೆಯೇ ಇಲ್ಲದ ಮೇಲೆ ಆ ಮಾತಿನ ಬಗ್ಗೆ ಜನ ಯಾರನ್ನು ಕೇಳಬೇಕು?

ನಗರಗಳ ಜಾಗತಿಕ ಕೂಟಗಳು ದೊಡ್ಡ ವರ ಎಂಬುದರಲ್ಲಿ ಸಂಶಯವಿಲ್ಲ. ಬಿಸಿಲು, ನೆರೆ, ಕಸದ ವಿಷಯದಲ್ಲಿ ಪ್ರತಿ ಊರೂ ಮೊದಲಿನಿಂದ ಪಾಠ ಕಲಿಯುವಷ್ಟು ಸಮಯ ಈಗ ಉಳಿದಿಲ್ಲ. ಆದರೆ ಪಕ್ಕದ ಮನೆಯ ಅಡುಗೆ ಕಲಿತು ಬಂದವಳಿಗೆ ತನ್ನ ಮನೆಯ ಒಲೆಯ ಮೇಲೆಯೇ ಹಕ್ಕಿಲ್ಲದಿದ್ದರೆ ಕಲಿತು ಏನು ಫಲ? ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ 18 ಹೊಣೆಗಳನ್ನು ಪಟ್ಟಿ ಮಾಡಿದೆ. ನಗರ ಯೋಜನೆ, ನೀರು, ರಸ್ತೆ ಎಲ್ಲವೂ ಅದರಲ್ಲಿವೆ. 1993ರಿಂದ ಜಾರಿಯಲ್ಲಿರುವ ಈ ಆಶಯ ಇನ್ನೂ ಪೂರ್ತಿ ನೆಲಕ್ಕಿಳಿದಿಲ್ಲ. ಸಮಯಕ್ಕೆ ಸರಿಯಾಗಿ ಪಾಲಿಕೆ ಚುನಾವಣೆ, ಐದು ವರ್ಷ ಅಧಿಕಾರದಲ್ಲಿರುವ ಮೇಯರ್, ಬಸ್ಸು–ನೀರು–ನಕ್ಷೆಯ ಮೇಲೆ ಅವರಿಗೆ ನಿಜವಾದ ಹಿಡಿತ: ಇಷ್ಟನ್ನು ನಾವು ಮತದಾರರಾಗಿ ಪಟ್ಟು ಹಿಡಿದು ಕೇಳಬೇಕು. ಜಗತ್ತಿನ ನಗರಗಳ ಸಾಲಿನಲ್ಲಿ ನಮ್ಮ ಊರಿಗೆ ಬೆಲೆ ಬರುವುದು ಅಲ್ಲಿ ಕಲಿತದ್ದನ್ನು ಇಲ್ಲಿ ಮಾಡಿ ತೋರಿಸಿದಾಗ ಮಾತ್ರ.