ಉತ್ತರ ನನ್ನ ಕೈಯಲ್ಲೇ ಇತ್ತು!

‘ಡೇಟಾ ಸ್ಟ್ರಕ್ಚರ್ ಓದಿದ್ದೀರಲ್ಲ, ಟ್ರೀಯನ್ನು ನಿಜವಾಗಿ ಎಲ್ಲಿ ಬಳಸುತ್ತಾರೆ ಹೇಳಿ?’

ಮೊದಲ ಕ್ಯಾಂಪಸ್ ಸಂದರ್ಶನದಲ್ಲಿ ಈ ಪ್ರಶ್ನೆ ಎದುರಾದಾಗ ತಬ್ಬಿಬ್ಬಾದೆ. ಬೈನರಿ ಟ್ರೀಯ ವ್ಯಾಖ್ಯೆ ಒಪ್ಪಿಸಿದೆ. ಕೆಲಸ ಸಿಗಲಿಲ್ಲ. ತಮಾಷೆಯೆಂದರೆ, ಆಗ ನನ್ನ ಕೈಯಲ್ಲಿದ್ದ ಪ್ರಾಜೆಕ್ಟ್ ವರದಿಯ ಸೂತ್ರಗಳ ಹಿಂದೆಲ್ಲ ಟ್ರೀಗಳೇ ಇದ್ದವು.

ವರದಿಯನ್ನು ಲೇಟೆಕ್‌ನಲ್ಲಿ ಸಿದ್ಧಪಡಿಸಿದ್ದೆ. ಅದರ ಅಡಿಪಾಯ ‘ಟೆಕ್’ ಎಂಬ ತಂತ್ರಾಂಶ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಎರಡನೇ ಸಂಪುಟದ ಹೊಸ ಪ್ರೂಫ್ ನೋಡಿ, ಅಚ್ಚಿನ ಅಂದ ಕೆಟ್ಟಿದ್ದಕ್ಕೆ ಬೇಸತ್ತು, ತಾವೇ ಇದನ್ನು ರೂಪಿಸಲು ಕೂತರು.

ಸಂದರ್ಶನದ ನಂತರ ಹಟಕ್ಕೆ ಬಿದ್ದು ಟೆಕ್‌ನ ಒಳಗುಟ್ಟು ಓದಿದೆ. ಸೂತ್ರವೆಂದರೆ ಅದಕ್ಕೆ ಬರೀ ಅಕ್ಷರಗಳ ಸಾಲಲ್ಲ, ‘ಆಟಂ’ಗಳ ಪಟ್ಟಿ. ಆಟಂನಲ್ಲಿ ಮೂರು ಖಾನೆ: ನಡುವೆ ನ್ಯೂಕ್ಲಿಯಸ್, ಮೇಲೆ ಸೂಪರ್‌ಸ್ಕ್ರಿಪ್ಟ್, ಕೆಳಗೆ ಸಬ್‌ಸ್ಕ್ರಿಪ್ಟ್. ಎಕ್ಸ್ ವರ್ಗ ಎಂದರೆ ನಡುವಿನ ಖಾನೆಯಲ್ಲಿ ಎಕ್ಸ್, ಮೇಲೆ 2, ಕೆಳಗೆ ಖಾಲಿ. ಖಾನೆಯಲ್ಲಿ ಒಂದೇ ಚಿಹ್ನೆಯ ಬದಲು ಇನ್ನೊಂದು ಇಡೀ ಪಟ್ಟಿಯೂ ಕೂರಬಹುದು. ಅದರೊಳಗೆ ಮತ್ತೊಂದು. ಭಿನ್ನರಾಶಿಯಾದರೆ ಅಂಶಕ್ಕೊಂದು, ಛೇದಕ್ಕೊಂದು ಪಟ್ಟಿ. ಹೀಗೆ ಕವಲೊಡೆದರೆ ಅದೇ ಟ್ರೀ!

ಆಟಂಗಳಲ್ಲಿ ಬಗೆಗಳೂ ಇವೆ. ‘ಎ – ಬಿ’ ಎಂದಾಗ ಮೈನಸ್‌ನ ಎರಡೂ ಬದಿ ತುಸು ಜಾಗ ಬೇಕು. ಸೂತ್ರದ ಆರಂಭದಲ್ಲೇ ಬರುವ ‘–ಬಿ’ಗೆ ಬೇಡ. ಎಡಗಡೆ ಏನೂ ಇಲ್ಲದಿದ್ದರೆ ಟೆಕ್ ಆ ಮೈನಸ್ಸನ್ನು ‘ಬೈನರಿ ಆಪರೇಟರ್’ ಬಗೆಯಿಂದ ತೆಗೆದು ಸಾಮಾನ್ಯ ಚಿಹ್ನೆಗಳ ಸಾಲಿಗೆ ಸೇರಿಸುತ್ತದೆ.

ಇಷ್ಟೆಲ್ಲ ಏಕೆ ಬೇಕು? ಟೆಕ್‌ನ ಮೂಲ ಆದೇಶಗಳಲ್ಲಿ ಭಿನ್ನರಾಶಿಯನ್ನು ಸೂಚಿಸುವ ‘ಓವರ್’ ಪದ ಅಂಶ ಮುಗಿದ ಮೇಲೆ ಬರುತ್ತದೆ. ಹಾಗಾಗಿ ಅಂಶವನ್ನು ಓದುವಾಗ ಅಕ್ಷರ ಎಷ್ಟು ಚಿಕ್ಕದಿರಬೇಕೆಂದು ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಇಡೀ ಸೂತ್ರವನ್ನು ಪಟ್ಟಿಯಾಗಿ ಇಟ್ಟುಕೊಂಡು, ನಂತರ ಗಾತ್ರ, ಅಂತರ ನಿರ್ಧರಿಸುತ್ತದೆ.

ಎರಡನೇ ಸಂದರ್ಶನದಲ್ಲಿ ಆ ಪ್ರಶ್ನೆ ಬರಲೇ ಇಲ್ಲ! ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ನಾನೇ ವರದಿ ತೆರೆದು, ಒಂದು ಸೂತ್ರದ ಟ್ರೀ ಬರೆದು ತೋರಿಸಿದೆ. ಫಲಿತಾಂಶಕ್ಕೆ ಇನ್ನೂ ಕಾಯುತ್ತಿದ್ದೇನೆ. ಗೆಳೆಯರೇ, ಪರೀಕ್ಷೆಗೆಂದು ಉರುಹೊಡೆದ ಪಾಠವನ್ನು ದಿನವೂ ಬಳಸುವ ತಂತ್ರಾಂಶದೊಳಗೆ ಒಮ್ಮೆ ಹುಡುಕಿ ನೋಡಿ.